ಡಿಕ್ಕಿಯ ಮೇಲೆ ಬರೆದದ್ದು

"ಬರೆದಾಯ್ತಾ? ಇಲ್ಲ, ಕೆಳಗೆ ಸಹಿನೂ ಹಾಕ್ತೀರಾ?"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ರೋವೀನಾಳ ಬೆರಳು ಅಲ್ಲೇ ನಿಂತುಬಿಟ್ಟಿತು.

ಅವಳೆದುರು ಕಡುನೀಲಿ ಬಣ್ಣದ ಹಳೆಯ ಕಾರೊಂದಿತ್ತು. ಹಿಂದಿನ ದಿನದ ಮಳೆಯ ಜೊತೆ ಗಾಳಿಯಲ್ಲಿ ತೇಲಿಬಂದ ಸಹಾರಾ ಮರುಭೂಮಿಯ ಧೂಳೂ ಸುರಿದು, ಇಂಗ್ಲೆಂಡಿನ ಕಾವೆಂಟ್ರಿಯ ಆ ಬೀದಿಯ ಕಾರುಗಳೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ನಿಂತಿದ್ದವು. ಕೊಳೆಯಾದ ಕಾರು ಕಂಡರೆ ಬೆರಳಲ್ಲಿ ಏನಾದರೊಂದು ಗೀಚದೆ ಮುಂದೆ ಹೋಗುವ ಜನವಲ್ಲ ಅಲ್ಲಿಯವರು; ಈ ಕಾರನ್ನು ಮಾತ್ರ ಯಾಕೋ ಯಾರೂ ಮುಟ್ಟಿರಲಿಲ್ಲ. ಎದುರು ಮನೆಯ ಬೆರಿಲ್ ಚಿಕ್ಕಮ್ಮನ ಮಹಡಿಗೆ ಹೊಸದಾಗಿ ಬಂದಿದ್ದ ರೋವೀನಾ ಅದು ತಿಳಿಯದೆ ಹಿಂಬದಿಯ ಡಿಕ್ಕಿಯ ಮೇಲೆ ದೊಡ್ಡದಾಗಿ ಬರೆದಿದ್ದಳು: 'ಸ್ನಾನ ಮಾಡಿಸಿ ನನಗೆ'.

ತಿರುಗಿ ನೋಡಿದಳು. ಎರಡು ಕೈಯಲ್ಲೂ ಬಕೆಟ್ ಹಿಡಿದ ಎತ್ತರದ ಗಂಡಸು; ಕಾರು ಅವನದೇ ಇರಬೇಕು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಮುಖದಲ್ಲಿ ನಗುವಿರಲಿಲ್ಲ.

"ತಮಾಷೆಗೆ ಬರೆದೆ ಅಷ್ಟೆ. ನೀರು ಹಾಕಿದ್ರೆ ಹೋಗುತ್ತೆ ಅಲ್ವಾ?"

"ಧೂಳು ಹೋಗುತ್ತೆ, ಅಕ್ಷರ ಹೋಗಲ್ಲ. ಧೂಳು ಅಂದ್ರೆ ಮರಳು ರೀ. ನೀವು ಬರೀಲಿಲ್ಲ, ಉಪ್ಪು ಕಾಗದ ಹಾಕಿ ತಿಕ್ಕಿದ್ರಿ."

ಅವನು ಪೈಪು ಹಿಡಿದು ನೀರು ಬಿಟ್ಟ. ಕೆಂಪು ನೀರು ಹರಿದುಹೋಯಿತು. ಒದ್ದೆ ಬಣ್ಣದ ಮೇಲೆ, ಬಿಸಿಲು ಓರೆಯಾಗಿ ಬಿದ್ದ ಕಡೆ, ಅಕ್ಷರಗಳು ತೆಳ್ಳಗೆ ಕಾಣುತ್ತಲೇ ಇದ್ದವು.

ರೋವೀನಾ ಬಗ್ಗಿ ನೋಡಿದಳು. ಅಯ್ಯೋ, ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ, ಆಗಲೇ ಒಂದು ತಪ್ಪು...

"ಕ್ಷಮಿಸಿ. ಏನು ಮಾಡ್ಲಿ ಹೇಳಿ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ತೋಳು ಮಡಚಿ. ಉಂಗುರ ಇದ್ರೆ ತೆಗೀರಿ, ಗೀರು ಬೀಳುತ್ತೆ."

"ಉಂಗುರ ಇಲ್ಲ," ಎಂದಳು ರೋವೀನಾ. ಹೇಳಿದ ಮೇಲೆ ಯಾಕೋ ಮುಖ ಕೆಂಪಾಯಿತು. ಅವನದೂ ಕೂಡ.

ಅವನ ಹೆಸರು ಗ್ಯಾರೆತ್. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವಳು ರಸ್ತೆ ದಾಟತೊಡಗಿದಳು. ತಪ್ಪಿಗೆ ಪ್ರಾಯಶ್ಚಿತ್ತ ಎಂದು ಚಿಕ್ಕಮ್ಮನಿಗೆ ಹೇಳಿದ್ದಳು. ಚಿಕ್ಕಮ್ಮ ನಂಬಿದಂತೆ ನಟಿಸಿದಳು, ಪಾಪ.

ಅವನು ಕಾರು ತೊಳೆಯುವುದನ್ನು ನೋಡಬೇಕಿತ್ತು! ಒಂದು ಬಕೆಟ್ಟಿನಲ್ಲಿ ಸೋಪಿನ ನೊರೆ, ಇನ್ನೊಂದರಲ್ಲಿ ಬರೀ ನೀರು. ಕುರಿತುಪ್ಪಟದ ಕೈಗವಸು ಪ್ರತಿ ಸಲವೂ ಮೊದಲು ಬರೀ ನೀರಿನಲ್ಲಿ ಕೊಳೆ ಬಿಟ್ಟು, ಆಮೇಲೆಯೇ ನೊರೆಗೆ ಇಳಿಯಬೇಕು. ತೊಳೆಯುವುದು ಮೇಲಿನಿಂದ ಕೆಳಕ್ಕೆ, ಚಕ್ರಗಳ ಸರದಿ ಕಟ್ಟಕಡೆಗೆ. ಬಟ್ಟೆ ನೆಲಕ್ಕೆ ಬಿದ್ದರೆ ಮುಗಿಯಿತು, ಅದು ಮತ್ತೆ ಕಾರಿನ ಮೈ ಸೋಕುವಂತಿಲ್ಲ.

"ಮಡಿ ಜಾಸ್ತಿ ನಿಮ್ದು," ಎಂದು ಅವಳು ಕಾಡಿಸುತ್ತಿದ್ದಳು.

"ಒಂದು ಮರಳಿನ ಕಣ ಸಾಕು ರೀ ಕೆಡ್ಸೋಕೆ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಎಷ್ಟು ಸಲ ಚುಚ್ತೀರಿ..."

ಆಗ ಅವನು ನಗುತ್ತಿದ್ದ. ಆ ನಗುವಿಗಾಗಿ ಎಷ್ಟು ಬೇಕಾದರೂ ಚುಚ್ಚಿಸಿಕೊಳ್ಳಬಹುದು ಎನಿಸುತ್ತಿತ್ತು ರೋವೀನಾಗೆ.

ದಾರಿಯಲ್ಲಿ ಹೋಗುವವರೆಲ್ಲ ತಪ್ಪದೆ ಒಂದೇ ಮಾತು ಹೇಳುತ್ತಿದ್ದರು, "ಅದಾದ್ಮೇಲೆ ನಂದೂ ತೊಳೆದುಬಿಡಪ್ಪ!" ಆ ತಮಾಷೆಯನ್ನು ಲೋಕದಲ್ಲಿ ಮೊದಲು ಕಂಡುಹಿಡಿದವರು ತಾವೇ ಎಂಬ ಸಂಭ್ರಮ ಪ್ರತಿಯೊಬ್ಬರಿಗೂ. ಗ್ಯಾರೆತ್ ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ. ಎಷ್ಟು ಒಳ್ಳೆಯವನು ಇವನು, ಎಂದುಕೊಳ್ಳುತ್ತಿದ್ದಳು ಅವಳು.

ತೊಳೆದು ಒರೆಸಿದ ಮೇಲೆ ಹೊಳಪಿಗೆ ಮೇಣ. ಬೆರಳ ತುದಿಯಷ್ಟೇ ತೆಗೆದು, ತೆಳ್ಳಗೆ ಹಚ್ಚಿ, ಮಂಜು ಕವಿದಂತೆ ಮಸುಕಾಗುವವರೆಗೆ ಕಾಯಬೇಕು. ಕಾಯುವಾಗ ಇಬ್ಬರೂ ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ಕೂರುತ್ತಿದ್ದರು. ತನ್ನ ಮದುವೆ ಮುರಿದ ಕಥೆಯನ್ನು ಅವಳು ಹೇಳಿದ್ದು ಅಲ್ಲಿಯೇ.

"ಏಡ್ರಿಯನ್ ಕೂಗಾಡ್ತಿರ್ಲಿಲ್ಲ, ಹೊಡೀತಿರ್ಲಿಲ್ಲ. ನನ್ನ ತಪ್ಪುಗಳನ್ನ ಜೋಪಾನವಾಗಿ ಇಟ್ಕೊಳ್ತಿದ್ದ. ಕ್ರಿಸ್‌ಮಸ್‌ಗೆ ಬಾತುಕೋಳಿ ಸೀದದ್ದು, ಅವನ ಅಕ್ಕನ ಮದುವೆಗೆ ಹೊರಟಾಗ ರೈಲು ತಪ್ಪಿದ್ದು... ನೆಂಟ್ರು ಊಟಕ್ಕೆ ಬಂದಾಗೆಲ್ಲ ಒಂದೊಂದೇ ಹೊರಗೆ ತೆಗೀತಿದ್ದ."

ಗ್ಯಾರೆತ್ ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಗೆ ತನ್ನ ಮನಸ್ಸು ಸ್ಪಷ್ಟವಾಗಿತ್ತು. ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯವರು ದೂರದ ಲೀಡ್ಸ್‌ನ ಹೊಸ ಅಂಗಡಿ ನೋಡಿಕೋ ಎಂದಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು; ಅದು ಗ್ಯಾರೆತ್‌ಗೂ ಗೊತ್ತಿತ್ತು. ಅವನೊಂದು ಮಾತು ಆಡಿದರೆ ಹೋಗುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.

ಆ ಶನಿವಾರ ಗ್ಯಾರೆತ್ ಯಂತ್ರ ಹಿಡಿದು ಇಡೀ ಕಾರಿಗೆ ಪಾಲಿಶ್ ಮಾಡಿದ. ಸಂಜೆ ಅವಳು ಅಂಗಡಿಯಿಂದ ಬರುವಾಗ ಅವನು ಮನೆಯೊಳಗಿದ್ದ. ಕಾರಿನ ಬಾನೆಟ್ಟಿನಲ್ಲಿ ಮೋಡಗಳು ಹರಿಯುತ್ತಿದ್ದವು, ಅಲ್ಲಿ ಒಂದೇ ಒಂದು ಗೀರು ಉಳಿದಿರಲಿಲ್ಲ. ಪಕ್ಕದ ಮನೆಯ ಮುದುಕ ಟ್ರೆವರ್ ಬೇಲಿಗೆ ಒರಗಿ ನಿಂತು ತಲೆದೂಗುತ್ತಿದ್ದ.

ರೋವೀನಾ ಹಿಂದಕ್ಕೆ ಹೋದಳು. ಇಳಿಬಿಸಿಲಲ್ಲಿ ಡಿಕ್ಕಿ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ, ತಪ್ಪಿಸಿಕೊಳ್ಳಲಾಗದಂತೆ... 'ಸ್ನಾನ ಮಾಡಿಸಿ ನನಗೆ'.

"ಇದು... ಹೋಗ್ಲಿಲ್ವಾ?"

"ಹೋಗದೆ ಏನು ಮರಿ? ಅವನ ಕೈಗೆ ಅದೆಷ್ಟರ ಕೆಲಸ! ಬೇಕು ಅಂತ್ಲೇ ಬಿಟ್ಟಿದಾನೆ. ಸುತ್ತಲೂ ಉಜ್ಜಿ ಅದನ್ನ ಮಾತ್ರ ಮುಟ್ಟಿಲ್ಲ. ನಾನು ಕಣ್ಣಾರೆ ನೋಡ್ದೆ," ಎಂದ ಟ್ರೆವರ್.

ಬೇಕು ಅಂತ್ಲೇ.

ಇವನೂ ಏಡ್ರಿಯನ್ ಜಾತಿಯೇ? ಇಷ್ಟು ದಿನ ಚಹಾ ಕೊಟ್ಟು, ನಕ್ಕು, ನನ್ನ ತಪ್ಪನ್ನು ಹೊಳಪಿನ ನಡುವೆ ಚೌಕಟ್ಟು ಹಾಕಿ ಇಟ್ಟುಕೊಂಡನೇ?

ಅವಳು ಮಹಡಿಗೆ ಹೋಗಿ ಪೆಟ್ಟಿಗೆ ತುಂಬಿದಳು. ಕಣ್ಣೀರು ಒರೆಸಿಕೊಂಡಷ್ಟೂ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ರಸ್ತೆ ದಾಟಿದ್ದು ವಿದಾಯ ಹೇಳಲಿಕ್ಕೆ. ಗ್ಯಾರೆತ್ ಮೇಣದ ಡಬ್ಬಿ ತೆರೆಯುತ್ತಿದ್ದ.

"ಲೇಟಾಯ್ತು ಇವತ್ತು," ಎಂದ.

"ಲೀಡ್ಸ್‌ಗೆ ಹೋಗ್ತಿದೀನಿ. ನಾಳೆ ಒಪ್ಪಿಗೆ ಕೊಡ್ತೀನಿ."

ಡಬ್ಬಿಯ ಮುಚ್ಚಳ ಅವನ ಕೈಯಲ್ಲೇ ಉಳಿಯಿತು.

"ಹೋಗೋ ಮುಂಚೆ ಒಂದು ಕೇಳ್ಬೇಕು. ಡಿಕ್ಕಿ ಮೇಲಿನದನ್ನ ಯಾಕೆ ಬಿಟ್ರಿ? ಬಂದವ್ರಿಗೆ ತೋರ್ಸೋಕಾ, ನೋಡಿ, ಇವಳು ಹಾಳು ಮಾಡಿದ್ದು ಅಂತ?"

ಅವನ ಮುಖ ಬಿಳಿಚಿಕೊಂಡಿತು. "ನೀವು ಹಾಗಂದ್ಕೊಂಡ್ರಾ?"

"ಇನ್ನೇನು ಅಂದ್ಕೊಳ್ಲಿ? ಹೇಳಿ!"

ಅವನ ಕೈ ಬಟ್ಟೆಯನ್ನು ಮಡಚುತ್ತಲೇ ಇತ್ತು.

"ಈ ಕಾರಿನ ಹತ್ರ ಬರೋರೆಲ್ಲ ಕೈಕಟ್ಕೊಂಡು ನಿಲ್ತಾರೆ, ರೋವೀನಾ. ಮುಟ್ಟೋಕೆ ಭಯ. ಹಾಗೆ ಮಾಡಿಟ್ಟವನು ನಾನೇ. ಕಾರು ಮಾತ್ರ ಅಲ್ಲ... ನನ್ನನ್ನೂ ದೂರದಿಂದ್ಲೇ ನೋಡಿ, ಒಳ್ಳೆಯವನು ಅಂದು ಹೋಗ್ತಾರೆ ಜನ. ನೀವೊಬ್ರು ಬಂದು, ಹೇಳದೆ ಕೇಳದೆ ಬೆರಳು ಇಟ್ರಿ."

"ನಿಮಗೆ ಸಿಟ್ಟು ಬಂದಿತ್ತು."

"ಬಂದಿತ್ತು. ನೀರು ಹಾಕೋವರೆಗೂ ಇತ್ತು. ನೀವು ತೋಳು ಮಡಚಿದ್ರಲ್ಲ, ಹೋಯ್ತು. ನಿನ್ನೆ ಯಂತ್ರ ಅಲ್ಲಿಗೆ ಬಂದಾಗೆಲ್ಲ ಕೈ ನಿಂತುಬಿಡ್ತಿತ್ತು. ಅದನ್ನ ಅಳಿಸಿದ್ರೆ... ಆ ದಿನಾನೇ ಅಳಿಸಿದ ಹಾಗೆ."

ಒಬ್ಬ ರೋವೀನಾಳ ತಪ್ಪುಗಳನ್ನು ಹಂಗಿಸಲಿಕ್ಕೆ ಕೂಡಿಟ್ಟಿದ್ದ. ಇನ್ನೊಬ್ಬ ಪ್ರೀತಿಯಿಂದ ಕಾಪಾಡಿಕೊಂಡಿದ್ದ. ಇಷ್ಟು ದೊಡ್ಡ ವ್ಯತ್ಯಾಸ ತನಗೆ ಕಾಣದೆ ಹೋಯಿತಲ್ಲ.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳೋಕೆ ಬರಲ್ಲ. ಉಜ್ಜೋಕೆ ಬರುತ್ತೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ಲೀಡ್ಸ್‌ಗೆ ಹೋಗ್ಬೇಡಿ. ನಿಮ್ಮನ್ನ ಪ್ರೀತಿಸ್ತೀನಿ ನಾನು."

ಅವಳು ಅಳುತ್ತಲೇ ನಕ್ಕಳು. ಅವನ ಕೈಯಿಂದ ಬಟ್ಟೆ ಕಸಿದುಕೊಂಡು, ಪಾಲಿಶ್ ಹಾಕಿ, ಡಿಕ್ಕಿಯ ಮುಂದೆ ಬಗ್ಗಿದಳು. ಅವನೇ ಕಲಿಸಿದಂತೆ, ಅವಸರವಿಲ್ಲದೆ, ಹದವಾಗಿ ಒತ್ತಿ ಉಜ್ಜತೊಡಗಿದಳು. ಬಿಸಿಲು ಮೇಲೇರಿತು. 'ಸ್ನಾನ' ಮಸುಕಾಯಿತು.

ಗ್ಯಾರೆತ್ ಗಾಬರಿಯಿಂದ ಅವಳ ಮೊಣಕೈ ಹಿಡಿದ. "ಏನು ಮಾಡ್ತಿದೀಯ? ಪೂರ್ತಿ ಹೋಗ್ಬಿಡುತ್ತೆ."

ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಹೋಗ್ಲಿ ಬಿಡು," ಎಂದಳು ರೋವೀನಾ, ಉಜ್ಜುವುದನ್ನು ನಿಲ್ಲಿಸದೆ. "ಬರೆದವಳು ಇಲ್ಲೇ ಇರ್ತೀನಲ್ಲ."