ಅರವತ್ತು ಕಾರ್ಖಾನೆಗಳಿಗೆ ಕಂಕೋತ್ರಿ

ಉತ್ತರಾಯಣದ ಗಾಳಿಪಟಗಳು ಹರಿದು ಬೀದಿಯ ತಂತಿಗಳ ಮೇಲೆ ಇನ್ನೂ ಜೋತಾಡುತ್ತಿದ್ದವು. ಬೆಳಗಿನ ಚಳಿ ಬಿಟ್ಟಿರಲಿಲ್ಲ. ಅಹಮದಾಬಾದಿನ ಎರಡು ಕೋಣೆಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಹೃಷಿಕೇಶ ಅರವತ್ತು ಲಕೋಟೆಗಳಿಗೆ ಅಂಟು ಹಚ್ಚುತ್ತ ಕುಳಿತಿದ್ದ.

ಕಚೇರಿಯ ಹೆಸರು ದೊಡ್ಡದು: ಅಂತಾರಾಷ್ಟ್ರೀಯ ಭದ್ರತಾ ವಿಭಾಗ, ಕಾರ್ಯತಂತ್ರ ಯೋಜನೆ ಮತ್ತು ಸಂಪರ್ಕ ಶಾಖೆ. ಕೆಲಸ ಹೇಳಿದರೆ ಸಣ್ಣದು. ಬಟ್ಟೆಯ ಬಣ್ಣಕ್ಕೆ ಬಳಸುವ ಕೆಲವು ರಾಸಾಯನಿಕಗಳು ಕೆಟ್ಟವರ ಕೈಗೆ ಸಿಕ್ಕರೆ ವಿಷಾನಿಲವಾಗುತ್ತವೆ. ಹಾಗಾಗಿ ಯಾರ ಬಳಿ ಎಷ್ಟಿದೆ ಎಂದು ಪ್ರತಿ ಕಾರ್ಖಾನೆಯೂ ಬರೆದುಕೊಡಬೇಕು. ಬರೆದುಕೊಡಿ ಎಂದು ಒಲಿಸುವುದೇ ಹೃಷಿಕೇಶನ ನೌಕರಿ. ಮಾರ್ಚ್ ಮುಗಿಯುವುದರೊಳಗೆ ನಲವತ್ತು ಘೋಷಣಾಪತ್ರಗಳು ಬರದಿದ್ದರೆ ಶಾಖೆಗೆ ಬೀಗ, ಅವನಿಗೆ ದೆಹಲಿಗೆ ವರ್ಗ ಎಂದು ಮೇಲಿನವರು ತಿಳಿಸಿದ್ದರು. ಈವರೆಗೆ ಬಂದದ್ದು ಒಂದು.

ಆ ಒಂದನ್ನು ತಂದವಳು ಮೇದಿನಿ. ವಟ್ವಾದ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯ ನೋಡಿಕೊಳ್ಳುವವಳು. ವಡೋದರಾದ ಮಂಜಲ್‌ಪುರದಲ್ಲಿ ಉಡುಪಿ ಹೋಟೆಲು ನಡೆಸುವ ಗಣಪತಿ ಶೆಟ್ಟರ ಮಗಳು. ಆ ಒಂದು ಪತ್ರದಲ್ಲಿ ತಪ್ಪು ಹುಡುಕಿ ಹುಡುಕಿ ಹೃಷಿಕೇಶ ಅವಳನ್ನು ಏಳು ಸಲ ಕಚೇರಿಗೆ ಕರೆಸಿದ್ದ. ಅಲ್ಪವಿರಾಮಕ್ಕಾಗಿಯೇ ಎರಡು ಸಲ. ದೆಹಲಿ ಯಾಕೆ ಬೇಡ ಎಂಬುದನ್ನು ಮಾತ್ರ ಒಂದು ಸಲವೂ ಹೇಳಿರಲಿಲ್ಲ.

ಎಂಟನೆಯ ಸಲ ಬಂದವಳು ಲಕೋಟೆಯೊಂದನ್ನು ಬಿಚ್ಚಿ, ಕಾರ್ಖಾನೆಯವರನ್ನು ಸಭೆಗೆ ಕರೆದ ಪತ್ರವನ್ನು ಓದಿದಳು.

“‘ಗೈರುಹಾಜರಿಯನ್ನು ಗಂಭೀರವಾಗಿ ಪರಿಗಣಿಸಲಾಗುವುದು.’ ಇದೆಂತ ಮಾರಾಯ್ರೆ, ಕರೆಯೋದಾ, ಹೆದರಿಸೋದಾ?”

“ಹೋದ ಸಲ ಮೂರ್ ಮಂದಿ ಬಂದಿದ್ರು ರೀ. ಅದ್ರಾಗ ಒಬ್ಬಾಂವ ಎ.ಸಿ. ರಿಪೇರಿಗೆ ಬಂದಾಂವ.”

“ಭಾಷಣ ಪೂರ್ತಿ ಕೇಳಿದ್ರಾ?”

“ರಿಪೇರಿಯಾಂವ ಕೇಳಿದ. ಉಳಿದಿಬ್ರು ಎದ್ದು ಹ್ವಾದ್ರು.”

ನಗು ತಡೆಯಲು ಮೇದಿನಿ ತುಟಿ ಕಚ್ಚಿದಳು. ಎಡಗೆನ್ನೆಯಲ್ಲಿ ಗುಳಿ ಬೀಳುವುದಕ್ಕೆ ಅಷ್ಟೇ ಸಾಕಾಯಿತು. ಹೃಷಿಕೇಶನ ಹೆಬ್ಬೆರಳು ಲಕೋಟೆಗೆ ಅಂಟಿಕೊಂಡಿತು.

“ಇಲ್ಲಿಯವರನ್ನ ಹೀಗೆ ಕರೆದ್ರೆ ವಕೀಲರನ್ನ ಕಳಿಸ್ತಾರೆ. ಕಂಕೋತ್ರಿ ನೋಡಿದ್ದೀರಲ್ವಾ, ಮದುವೆ ಕಾಗದ? ಹಾಗೆ ಕೆಂಪು ಕಾರ್ಡ್ ಮಾಡಿಸಿ. ಮನೆಗೇ ಹೋಗಿ, ಪೇಡಾ ಕೊಟ್ಟು, ಎಲ್ಲರೂ ಬನ್ನಿ, ಊಟ ಉಂಟು ಅನ್ನಿ. ಆಮೇಲೆ ನೋಡಿ.”

ಹೃಷಿಕೇಶ ಹಾನಗಲ್ ಕಡೆಯ ರೈತರ ಮನೆಯವನು. ಹಗ್ಗ ಜಗ್ಗಿದರೆ ಹೋರಿ ಬರುವುದಿಲ್ಲ, ಮುಂದೆ ಹುಲ್ಲು ಹಿಡಿದು ನಡೆಯಬೇಕು ಎಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಅಂದೇ ವಟ್ವಾದ ಮುದ್ರಕನ ಬಳಿ ಹೋದ. ಕರೆಯುವವರು ಎಂದು ಸರ್ಕಾರದ ಪರವಾಗಿ ತನ್ನ ಹೆಸರು, ಕಾರ್ಖಾನೆಗಳ ಪರವಾಗಿ ಮೇದಿನಿಯ ಹೆಸರು ಬರೆದುಕೊಟ್ಟ. ಲಗ್ನಗಳ ಕಾಲವೆಲ್ಲ ಕಂಕೋತ್ರಿ ಅಚ್ಚು ಹಾಕಿ ಪಳಗಿದ ಕೈ ಅದು. ಮೇಲೆ ವಿಘ್ನೇಶ್ವರನನ್ನು ಕೂರಿಸಿತು. ಎರಡು ಹೆಸರುಗಳನ್ನು ಗುಜರಾತಿಯಲ್ಲಿ, ಬಂಗಾರದ ಬಣ್ಣದಲ್ಲಿ ಅಕ್ಕಪಕ್ಕ ಇಟ್ಟಿತು. ನಡುವೆ, ಮದುಮಕ್ಕಳ ಹೆಸರಿನ ನಡುವೆ ಹಾಕುವ ರೂಢಿಯಂತೆ, ‘ಸಂಗ’ ಎಂದು ಸೇರಿಸಿತು. ರಾಸಾಯನಿಕಗಳ ವಿಷಯ ಕೆಳಗೆ, ನೆಂಟರ ಪಟ್ಟಿ ಬರುವ ಜಾಗದಲ್ಲಿ, ಇರುವೆ ಸಾಲಿನಂತೆ ಬಂತು. ಆ ಜಾಗವನ್ನು ಯಾರೂ ಓದುವುದಿಲ್ಲ.

ಹದಿನೈದು ದಿನ ಹೃಷಿಕೇಶ ಮನೆಮನೆ ತಿರುಗಿ ಕಾರ್ಡು, ಪೇಡಾ ಕೊಟ್ಟ. ಸೇಠ್‌ಗಳೆಲ್ಲ ಅವನ ಬೆನ್ನು ತಟ್ಟಿದರು, ಇಬ್ಬರು ತಬ್ಬಿಕೊಂಡರು. ಅದರ ಬಗ್ಗೆ ಅವನು ಹೆಚ್ಚು ವಿಚಾರ ಮಾಡಲು ಹೋಗಲಿಲ್ಲ.

ಸಭೆ ಇಟ್ಟ ಭಾನುವಾರ ಸಭಾಭವನದ ಮುಂದೆ ಕಾರು ನಿಲ್ಲಿಸಲು ಜಾಗ ಸಾಲಲಿಲ್ಲ. ಅರವತ್ತು ಕಾರ್ಖಾನೆಗಳವರೂ ಹೆಂಡಿರು ಮಕ್ಕಳೊಡನೆ ರೇಷ್ಮೆಯುಟ್ಟು ಇಳಿದರು. ಕೈಯಲ್ಲಿ ಕುಕ್ಕರು, ಗೋಡೆ ಗಡಿಯಾರ, ಸ್ಟೀಲಿನ ಡಬ್ಬಿಗಳ ಸೆಟ್ಟು. ಎಲ್ಲರಿಗಿಂತ ಹಿರಿಯರಾದ ಜಸುಭಾಯಿ ಹೃಷಿಕೇಶನ ಕೊರಳಿಗೆ ಹಾರ ಹಾಕಿ ಹಿಂದಿಯಲ್ಲಿ ಕೇಳಿದರು: “ಏನು ಸಾಹೇಬ್, ಮದುಮಗನ ಪೇಟ ಎಲ್ಲಿ?”

ಅಷ್ಟರಲ್ಲಿ ಮೇದಿನಿ ಬಂದಳು. ದಿನವೂ ಬಣ್ಣದ ಕಲೆಯ ಕೋಟಿನಲ್ಲಿರುವವಳು ಅಂದು ಗಿಳಿಹಸಿರು ಸೀರೆಯುಟ್ಟು, ಕಂಕುಳಲ್ಲಿ ಪ್ರೊಜೆಕ್ಟರ್ ಇಟ್ಟುಕೊಂಡಿದ್ದಳು. ಅವಳ ಹಿಂದೆಯೇ ಗಣಪತಿ ಶೆಟ್ಟರು, ಕೈಯಲ್ಲಿ ಕಂಕೋತ್ರಿ.

“ಎಂತ ಇದು? ಮಗಳ ಮದುವೆ ಕಾಗದ ಅಪ್ಪನಿಗೆ ಗಿರಾಕಿ ತಂದು ತೋರಿಸೋದಾ? ಅದೂ ಇರಲಿ, ಊಟ ಬೇರೆಯವರಿಗೆ ಆರ್ಡರ್ ಕೊಟ್ಟದ್ದಾ? ನಾನೆಂತ ಸತ್ತಿದ್ದೇನಾ?”

“ಮದುವಿ ಅಲ್ರಿ ಮಾವಾರ... ಭಾಷಣ ಐತ್ರಿ.”

“ಮಾವ ಅಂತೀರಿ, ಮದುವೆ ಅಲ್ಲ ಅಂತೀರಿ!”

ಹೃಷಿಕೇಶ ಹಾರದೊಂದಿಗೇ ವೇದಿಕೆ ಹತ್ತಿದ. ಕೈಮುಗಿದು, ಇದು ಲಗ್ನವಲ್ಲ ಎಂದ. ಇಡೀ ಸಭೆ ಉಸಿರು ಬಿಗಿಹಿಡಿಯಿತು. ಊಟ ಇದೆ ಎಂದ. ಉಸಿರು ಬಿಟ್ಟಿತು. ಪ್ರೊಜೆಕ್ಟರ್ ಹಚ್ಚುವ ಧೈರ್ಯ ಅವನಿಗಾಗಲಿಲ್ಲ. ತನಗೆ ಬಂದ ಹಿಂದಿಯಲ್ಲಿ ನಿಧಾನವಾಗಿ ಹೇಳಿದ:

“ನಮ್ಮ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯನ್ನು ಅವ್ವ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಎಷ್ಟು ತಂದದ್ದು, ಎಷ್ಟು ಹೊಡೆದದ್ದು, ಎಷ್ಟು ಉಳಿದದ್ದು, ಎಲ್ಲ ಅವಳ ಬಾಯಲ್ಲಿತ್ತು. ಮನೆಯಲ್ಲಿ ಮಕ್ಕಳಿದ್ದೆವಲ್ಲ. ಸರ್ಕಾರ ಕೇಳುವುದೂ ಅಷ್ಟೇ.”

ಮೊದಲ ಸಾಲಿನಲ್ಲಿದ್ದ ಜಸುಭಾಯಿಯ ಹೆಂಡತಿ ಗಂಡನ ಕಡೆ ತಿರುಗಿದರು. “ಇಷ್ಟಕ್ಕೇನಾ ನೀವು ಎರಡು ವರ್ಷದಿಂದ ಹಿಂಬಾಗಿಲಲ್ಲಿ ಓಡ್ತಿದ್ದದ್ದು? ಸಹಿ ಹಾಕಿ ಏಳಿ, ಜಿಲೇಬಿ ಆರ್ತಿದೆ.”

ಮೇದಿನಿ ಮೇಜು ಹಾಕಿ ಕುಳಿತು ಒಬ್ಬೊಬ್ಬರದೇ ಪತ್ರ ತುಂಬಿಸಿಕೊಟ್ಟಳು. ಊಟ ಮುಗಿಯುವ ಹೊತ್ತಿಗೆ ನಲವತ್ಮೂರು.

ದೆಹಲಿ ತಪ್ಪಿತು, ಉಡುಗೊರೆಗಳ ರಾಶಿ ಉಳಿಯಿತು. ಸರ್ಕಾರಿ ನೌಕರ ಇವನ್ನು ಮುಟ್ಟುವ ಹಾಗಿಲ್ಲ, ದಯವಿಟ್ಟು ಒಯ್ಯಿರಿ ಎಂದು ಹೃಷಿಕೇಶ ಬಾಗಿಲಲ್ಲಿ ನಿಂತು ಬೇಡಿಕೊಂಡ.

“ಲಗ್ನಕ್ಕೆ ತಂದದ್ದನ್ನ ಯಾರಾದರೂ ವಾಪಸ್ ಒಯ್ತಾರಾ?” ಎಂದರು ಜಸುಭಾಯಿ. “ನಾವು ಬಂದೆವು, ಉಂಡೆವು, ಸಹಿಯನ್ನೂ ಹಾಕಿದೆವು. ಲಗ್ನ ಮಾತ್ರ ಆಗಲಿಲ್ಲ. ಅದು ನಿಮ್ಮ ಮೇಲಿನ ಸಾಲ, ಸಾಹೇಬ್.”

ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಇಬ್ಬರೇ ಉಳಿದರು. ಹೃಷಿಕೇಶ ಕೊರಳಿನ ಹಾರವನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

“ತಪ್ಪಾತು ರೀ. ಅಚ್ಚಾಗೂದಕ್ಕಿಂತ ಮೊದಲ ಪ್ರೂಫ್ ನೋಡಿದ್ದೆ ನಾ. ಎರಡೂ ಹೆಸರು ಆಜೂಬಾಜೂ ಕುಂತಿದ್ವು. ನಡುವಿನ ಶಬ್ದ ಏನಂತ ಕೇಳಬೇಕಿತ್ತು. ಕೇಳ್ಲಿಲ್ಲ. ಹಂಗ ಇರ್ಲಿ ಅನ್ನಿಸ್ತು.”

“ಯಾಕೆ?”

“ದಿಲ್ಲಿಗೆ ಹೋಗೂದು ಬ್ಯಾಡಾಗಿತ್ರಿ.” ಅವನು ಹಾರದ ಒಂದು ಎಸಳು ಕಿತ್ತ. “ಅಲ್ಲಿ ನೀವಿಲ್ಲಲ್ರಿ.”

ಮೇದಿನಿ ಬಗ್ಗಿ ಪ್ರೊಜೆಕ್ಟರಿನ ವೈರು ಸುತ್ತಿದಳು. ಕಣ್ಣೆತ್ತಿದಾಗ ಗುಳಿ ಬಿದ್ದ ಕೆನ್ನೆ ಕಿವಿಯವರೆಗೂ ಕೆಂಪಾಗಿತ್ತು.

“ನಾನು ಇಲ್ಲೇ ಹುಟ್ಟಿ ಬೆಳೆದವಳು. ಗುಜರಾತಿ ಓದ್ಲಿಕ್ಕೆ ಚೆನ್ನಾಗಿ ಬರ್ತದೆ ನಂಗೆ. ಮೊದಲನೇ ಕಾರ್ಡು ನಮ್ಮ ಫ್ಯಾಕ್ಟರಿಗೇ ಬಂದದ್ದು. ಹದಿನೈದು ದಿನ ಆಯ್ತು.”

“ಹದಿನೈದು ದಿನ! ಒಂದ್ ಮಾತ್ ಹೇಳ್ಲಿಲ್ಲಲ್ರಿ?”

“ನೀವು ಹೇಳಿದ್ರಾ?”

ಹೊರಗೆ ಗಣಪತಿ ಶೆಟ್ಟರ ವ್ಯಾನು ಹಾರ್ನ್ ಹಾಕಿತು. ಮೇದಿನಿ ಬಗ್ಗಿ ಜಸುಭಾಯಿಯ ಕುಕ್ಕರನ್ನು ಎತ್ತಿಕೊಂಡಳು.

“ಸರ್ಕಾರಿ ನೌಕರರು ಮುಟ್ಟುವ ಹಾಗಿಲ್ಲ, ಸರಿ. ನಾನು ತಗೊಳ್ಬಹುದಲ್ವಾ?”

ಉತ್ತರಕ್ಕೆ ಕಾಯದೆ ಬಾಗಿಲು ದಾಟಿದಳು. ಹೊರಗಿನಿಂದ ಶೆಟ್ಟರ ದನಿ ಕೇಳಿತು: “ಆ ಡಬ್ಬಿಗಳನ್ನೂ ತನ್ನಿ ಮಾರಾಯ್ರೆ! ಮತ್ತೆ ಕೇಳಿ, ಮದುವೆ ದಿನದ ಊಟ ನಂದೇ.”

ಅರವತ್ತು ಮನೆಗಳ ಸಾಲವನ್ನು ತಲೆಯ ಮೇಲೆ ಹೊತ್ತು ಹೃಷಿಕೇಶ ಡಬ್ಬಿಗಳ ಕಡೆ ನಡೆದ. ಇಷ್ಟು ದೊಡ್ಡ ಸಾಲ ಇಷ್ಟು ಹಗುರ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.