ಉದುರದ ಕೂದಲು

ಟೈಲರಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಎರಡೂ. ಆ ಕೆಲಸಕ್ಕೆ ನಾಯಿ ಇತ್ತು.

ಮೂರು ಕಿಲೋ ತೂಕ. ಎರಡು ಜಾತಿ ಬೆರೆಸಿ ಹುಟ್ಟಿಸಿದ್ದು. ಗುಂಗುರು ಕೂದಲು ಅಪ್ಪನದು, ಗಿಡ್ಡ ಮೂತಿ ಅಮ್ಮನದು, ಬೆಲೆ ಮಾತ್ರ ಇಬ್ಬರದ್ದೂ ಸೇರಿಸಿ. ಅಂಗಿಯ ಗುಂಡಿಯಂಥ ಕಣ್ಣು. ಹೆಸರೂ ಗುಂಡಿ. ಬಾಗಿಲಿಗೆ ಯಾರೇ ಬರಲಿ, ಬೀದಿಗೆಲ್ಲ ಕೇಳುವಂತೆ ಬೊಗಳಿ, ಓಡಿ ಹೋಗಿ ಅವಳ ಮೊಣಕಾಲು ಕೆರೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಗುಂಡಿ ಬೊಗಳುವುದು ನಿಲ್ಲಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಪಕ್ಕದ ಮನೆಯ ಡ್ರೈವರ್ ಬೈಯಲೆಂದೇ ಹೋದ. ಕಿಟಕಿಯಲ್ಲಿ ಇಣುಕಿದ. ಮೆಟ್ಟಿಲ ಬುಡದಲ್ಲಿ ಟೈಲರಮ್ಮ ಮುಖ ಅಡಿಯಾಗಿ ಬಿದ್ದಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

ಸತ್ತದ್ದು ಬುಧವಾರ ಮಧ್ಯಾಹ್ನ ಎಂದರು ಡಾಕ್ಟರು. ಬೆನ್ನ ಮೇಲೆ ಎರಡು ಕಂದು ಗುರುತು ತೋರಿಸಿದರು.

"ಜಾರಿ ಬಿದ್ದದ್ದಲ್ವಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಮೆಟ್ಟಿಲಿಗೆ ಅಂಗೈ ಇರಲ್ಲಮ್ಮ."

* * *

ನಾಯಿಯನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ಬಟ್ಟಲು ತುಂಬ ಒಣ ಕಾಳಿನಂಥ ನಾಯಿ ತಿಂಡಿ. ಒಂದು ಕಾಳೂ ಖರ್ಚಾಗಿರಲಿಲ್ಲ.

ಮುಂಬಾಗಿಲ ಬೀಗ ಒಡೆದಿರಲಿಲ್ಲ. ಹಿತ್ತಿಲ ಬಾಗಿಲು ತೆರೆದೇ ಇತ್ತು. ಆಚೆಗಿನ ಗೋಡೆ ಮೊಣಕಾಲೆತ್ತರ, ಅದರಾಚೆ ಡ್ರೈವರನ ಮನೆ. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಅವನು ಬರೆದ ಚೀಟಿ ಸಿಕ್ಕಿತು: 'ಇದನ್ನು ಸುಮ್ಮನಾಗಿಸದಿದ್ದರೆ ನಾನೇ ಸುಮ್ಮನಾಗಿಸುತ್ತೇನೆ.'

ಡ್ರೈವರ್ ಚೀಟಿಯನ್ನು ಎರಡು ಸಲ ಓದಿದ.

"ಬರೆದಿದ್ದು ನಾನೇ ಮೇಡಂ. ಹಗಲು ನಿದ್ದೆ ಇಲ್ಲದೆ ತಲೆ ಕೆಟ್ಟಿತ್ತು. ಕೇಸಾದ್ರೆ ಲೈಸೆನ್ಸ್ ಹೋಗುತ್ತೆ. ಮನೇಲಿ ದುಡಿಯೋನು ನಾನೊಬ್ಬನೇ."

"ನಿನ್ನೆ ಮಧ್ಯಾಹ್ನ ಏನು ಕೇಳಿಸ್ತು?"

"ಏನೂ ಇಲ್ಲ. ನಾಲ್ಕು ದಿನದಿಂದ ಒಂದು ಸಲಾನೂ ಬೊಗಳಿಲ್ಲ. ಚೀಟಿ ಕೆಲಸ ಮಾಡ್ತು ಅಂದ್ಕೊಂಡು ಚೆನ್ನಾಗಿ ಮಲಗಿದೆ."

ಠಾಣೆಯಿಂದ ಸಾಹೇಬರ ಫೋನು ಬಂತು. ಚೀಟಿ ಇದೆ, ಗೋಡೆ ಇದೆ, ಇನ್ನೇನು ಬೇಕು, ಸಂಜೆಯೊಳಗೆ ಅವನ ಮೇಲೆ ಹಾಕಿ ಮುಗಿಸಿ ಎಂದರು. ಇನ್ಸ್‌ಪೆಕ್ಟರ್ 'ಸರಿ ಸರ್' ಎಂದು ಡ್ರೈವರನನ್ನು ಠಾಣೆಗೆ ಕಳಿಸಿ ಗಡಿಯಾರ ನೋಡಿದಳು. ಹನ್ನೊಂದು.

ಅಷ್ಟರಲ್ಲಿ ಟೈಲರಮ್ಮನ ತಂಗಿ ಮಗ ಬಂದ. ಇದ್ದ ಒಬ್ಬನೇ ನೆಂಟ. ಫೋಟೊಗಳಿಗೆ ಫ್ರೇಮು ಹಾಕುವ ಅಂಗಡಿಯವನು. ಹದವಾಗಿ ಅತ್ತ. ಅಂಗಡಿ ಬಿಟ್ಟು ಬರಲಾಗದೆ ದೊಡ್ಡಮ್ಮನನ್ನು ನೋಡಿ ಎರಡು ತಿಂಗಳಾಯಿತು ಎಂದ. ಕಿವಿ ಹೋದಾಗ ನಾಯಿಯನ್ನು ತಂದುಕೊಟ್ಟವನು ತಾನೇ ಎಂದೂ ಹೇಳಿದ.

"ಕ್ಲೀನ್ ಜಾತಿ ಮೇಡಂ. ಒಂದು ಕೂದಲೂ ಉದುರಲ್ಲ."

ಯಾರೂ ಕೇಳಿರಲಿಲ್ಲ.

* * *

ನಾಯಿಯನ್ನು ಎಲ್ಲಿ ಬಿಡುವುದು? ಪೇದೆ ಅದನ್ನು ನಾಯಿಗಳ ಕೂದಲು ಕತ್ತರಿಸುವ ಹೆಂಗಸಿನ ಬಳಿ ಒಯ್ದ. ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಅವಳಿಂದಲೇ ಫೋನು ಬಂತು.

ಗುಂಡಿ ಮೇಜಿನ ಮೇಲೆ ನಡುಗುತ್ತ ನಿಂತಿತ್ತು. ಅಕ್ಕ ಅದರ ಕಿವಿ ಎತ್ತಿದಳು. ಹಿಂದೆ ಕೂದಲು ಗಂಟುಗಟ್ಟಿ ಕಂಬಳಿಯಾಗಿತ್ತು. ಕಂಕುಳಲ್ಲೂ ಹಾಗೆಯೇ.

"ಈ ಜಾತಿ ಕೂದಲು ಉದುರಲ್ಲ ಅಂತ ಮಾರೋರು ಹೇಳ್ತಾರೆ. ಉದುರದೆ ಎಲ್ಲಿ ಹೋಗುತ್ತೆ? ಒಳಗೇ ಸಿಕ್ಕಾಗುತ್ತೆ. ದಿನಾ ಬಾಚಬೇಕು. ಟೈಲರಮ್ಮ ದಾರದ ಗಂಟೇ ಸಹಿಸದೋರು, ಇದನ್ನ ಸಹಿಸ್ತಿದ್ರಾ? ನಾಲ್ಕು ದಿನದಿಂದ ಇದಕ್ಕೆ ಬಾಚಣಿಗೆ ಮುಟ್ಟಿಲ್ಲ."

ಅಕ್ಕ ಕುತ್ತಿಗೆಯ ಕೂದಲು ಸರಿಸಿದಳು. ಹಗ್ಗ ಉಜ್ಜಿದ ಕೆಂಪು ಗೆರೆ. ನಾಯಿ ಕೆಮ್ಮಿತು. ಇವುಗಳ ಗಂಟಲ ನಳಿಗೆ ಮೆತ್ತಗಿರುತ್ತದೆ, ಕುತ್ತಿಗೆಗೆ ಏನೂ ಕಟ್ಟಬಾರದು, ಟೈಲರಮ್ಮ ತಾನೇ ಎದೆಪಟ್ಟಿ ಹೊಲಿದಿದ್ದಳು ಎಂದಳು. ಆ ಎದೆಪಟ್ಟಿ ಟೈಲರಮ್ಮನ ಬಾಗಿಲ ಮೊಳೆಗೆ ನೇತಾಡುತ್ತಿದ್ದುದು ಇನ್ಸ್‌ಪೆಕ್ಟರಿಗೆ ನೆನಪಾಯಿತು. ಒಣ ತಿಂಡಿಯ ವಿಷಯ ಕೇಳಿದಳು.

"ಚಿಕ್ಕ ಬಾಯಿ, ಒತ್ತಾದ ಹಲ್ಲು. ಬಿಸಿನೀರಲ್ಲಿ ನೆನೆಸಿ, ದಿನಕ್ಕೆ ನಾಲ್ಕು ಸಲ ಕೊಡೋರು. ಬಟ್ಟಲು ತುಂಬಿಸಿ ಹೋದೋನಿಗೆ ಈ ನಾಯಿ ಗೊತ್ತೇ ಇಲ್ಲ."

ಅಂದರೆ ನಾಲ್ಕು ದಿನ ನಾಯಿ ಆ ಮನೆಯಲ್ಲಿರಲಿಲ್ಲ. ನಾಯಿ ಕಳೆದಿದ್ದರೆ ಟೈಲರಮ್ಮ ಬೀದಿಯೆಲ್ಲ ಹುಡುಕುತ್ತಿದ್ದಳು. ಹುಡುಕಿಲ್ಲ. ನಂಬಿ ಕೊಟ್ಟು ಕಳಿಸಿದ್ದಾಳೆ.

ಅಕ್ಕ ಒಂದು ಗಂಟು ಕತ್ತರಿಸಿ ಬಿಳಿ ಬಟ್ಟೆಯ ಮೇಲಿಟ್ಟಳು. ಮರದ ಪುಡಿ ಉದುರಿತು. ನಡುವೆ ಏನೋ ಹೊಳೆಯಿತು.

"ಜರಿ ಇರಬೇಕು, ಟೈಲರ್ ಮನೆ ಅಲ್ವಾ," ಎಂದ ಪೇದೆ.

ಇನ್ಸ್‌ಪೆಕ್ಟರ್ ಅದನ್ನು ಬೆರಳಲ್ಲಿ ತಿಕ್ಕಿದಳು. ಜರಿಯಾದರೆ ಎಳೆ ಇರಬೇಕು. ಇದು ಪುಡಿಯಾಗಿ ಚರ್ಮಕ್ಕೆ ಅಂಟಿತು. ಬಂಗಾರ ಬಣ್ಣದ ರೇಕು, ಮರಕ್ಕೆ ಅಂಟಿಸುವ ತೆಳು ಹಾಳೆ. ಟೈಲರಮ್ಮನ ಗೋಡೆಯ ಮೇಲೆ ಗಂಡನ ಫೋಟೊ ಇತ್ತು. ಫ್ರೇಮಿಗೆ ಇದೇ ಬಣ್ಣ.

* * *

ಫ್ರೇಮಂಗಡಿಯನ್ನು ಹೊಸದಾಗಿ ಗುಡಿಸಿ ತೊಳೆದಿದ್ದರು. ಪೇದೆ ಮೂಲೆ ಮೂಲೆ ತಡಕಿದ. ನಾಯಿಯ ಒಂದು ಕೂದಲೂ ಸಿಗಲಿಲ್ಲ. ತಂಗಿ ಮಗ ಕೈಕಟ್ಟಿ ನಿಂತಿದ್ದ.

"ಹುಡುಕಿ ಮೇಡಂ. ಬೇಕಾದ್ರೆ ದೀಪ ಹಾಕಿ ಕೊಡ್ತೀನಿ."

"ಕೂದಲು ಸಿಗಲ್ಲ ಅಂತ ಗೊತ್ತು," ಇನ್ಸ್‌ಪೆಕ್ಟರ್ ಕಾಗದದ ಪೊಟ್ಟಣ ಬಿಚ್ಚಿದಳು. "ನಾಯಿ ಇಲ್ಲಿ ಏನೂ ಬಿಟ್ಟು ಹೋಗಿಲ್ಲ. ಇಲ್ಲಿಂದ ತಗೊಂಡು ಬಂದಿದೆ."

ಪೊಟ್ಟಣದಲ್ಲಿ ಐದು ಗಂಟು. ಮರದ ಪುಡಿ, ಅಂಟು, ರೇಕು. ಕುತ್ತಿಗೆಯ ಗಂಟಿನಲ್ಲಿ ಹಸಿರು ಎಳೆ. ಫ್ರೇಮು ನೇತುಹಾಕುವ ಹಸಿರು ಹಗ್ಗದ ಉಂಡೆ ಅವನ ಬೆನ್ನ ಹಿಂದೆಯೇ ಇತ್ತು.

ಆಮೇಲೆ ಅವಳು ಬಿಡಿಸಿ ಹೇಳಿದಳು. ಟೈಲರಮ್ಮನ ನೆಲಮಹಡಿ ಇವನ ಅಂಗಡಿಗೆ ಬೇಕಿತ್ತು, ಬೀದಿಗೆಲ್ಲ ಗೊತ್ತಿದ್ದ ಮಾತು. ಟೈಲರಮ್ಮ ಅಲ್ಲಿ ಹೊಲಿಗೆ ಕ್ಲಾಸು ಶುರುಮಾಡುವವಳಿದ್ದಳು. ಹಗಲು ಒಳಗೆ ಹೋದರೆ ನಾಯಿ ಇಬ್ಬರನ್ನು ಎಚ್ಚರಿಸುತ್ತದೆ, ಅವಳನ್ನೂ ಡ್ರೈವರನನ್ನೂ. ಅದಕ್ಕೆ ಭಾನುವಾರವೇ ನಾಯಿಯನ್ನು ಚೀಲದಲ್ಲಿ ಕೂರಿಸಿ ಅಂಗಡಿಗೆ ತಂದ. ಬುಧವಾರ ಹೋಗಿ ಮೆಟ್ಟಿಲ ಮೇಲಿಂದ ಬೆನ್ನಿಗೆ ಕೈ ಹಚ್ಚಿ ತಳ್ಳಿದ. ನಾಯಿ ಕಾಣದಿದ್ದರೆ ಪ್ರಶ್ನೆ ಏಳುತ್ತದೆಂದು, ಡ್ರೈವರ್ ಪಾಳಿಗೆ ಹೋದ ಮೇಲೆ ತಂದು ಕೂಡಿಹಾಕಿದ.

"ದೊಡ್ಡಮ್ಮನಿಗೆ ಏನು ಹೇಳಿ ತಂದೆ?"

ಅವನು ತಿರುಗಿ ಹಗ್ಗದ ಉಂಡೆಯ ಬಿಚ್ಚಿದ ತುದಿಯನ್ನು ಒಳಗೆ ಸಿಕ್ಕಿಸಿದ.

"ಹಲ್ಲು ಕ್ಲೀನ್ ಮಾಡಿಸ್ತೀನಿ, ನಾಲ್ಕು ದಿನ ಬೇಕು ಅಂದೆ," ಎಂದ. "ಮುತ್ತು ಕೊಟ್ಟು ಕಳಿಸಿದ್ರು. ನಾಯಿಗೆ." ಆಮೇಲೆ, "ಇದರ ಕೂದಲು ಉದುರಲ್ಲ ಅಂತ ಮಾರಿದೋರು ಅಷ್ಟು ಹೇಳಿದ್ರು ಮೇಡಂ."

* * *

ಸಂಜೆ ಐದಕ್ಕೆ ಡ್ರೈವರನನ್ನು ಠಾಣೆಯಿಂದ ಬಿಟ್ಟರು. ಬಾಗಿಲಲ್ಲಿ ತಿರುಗಿ ನಿಂತು ನಾಯಿ ಎಲ್ಲಿ ಎಂದು ಕೇಳಿದ. ಕತ್ತರಿ ಅಕ್ಕನ ಬಳಿ ಇದೆ ಎಂದಳು ಇನ್ಸ್‌ಪೆಕ್ಟರ್. ಬೊಗಳುತ್ತಿದೆಯಾ ಎಂದ. ಇಲ್ಲ ಎಂದಳು. ಅವನು ತಲೆಯಾಡಿಸಿ ಹೋದ.

ವರದಿಯ ಕೊನೆಯಲ್ಲಿ ನಷ್ಟದ ಪಟ್ಟಿ ಬರೆಯಬೇಕಿತ್ತು. ಅವಳು ಬರೆದಳು: ಒಬ್ಬ ಹೆಂಗಸು. ಒಬ್ಬ ಡ್ರೈವರನ ಒಂದು ಹಗಲಿನ ನಿದ್ದೆ. ಐದು ಗಂಟು ಕೂದಲು.