ಗಾಳಿಕಿಂಡಿಯ ದಾರಿ

ಕೆಟ್ಟು ನಿಂತಿದ್ದ ಆ ಚಿನ್ನದ ಜೇಬುಗಡಿಯಾರಕ್ಕೆ ಜೀವ ಕೊಟ್ಟವನು ಅವನು. ಕರುಳಿನ ಉರಿಯೂತದಿಂದ ಹೊಟ್ಟೆ ಹಿಡಿದುಕೊಂಡು ಕಕ್ಕಸಿಗೆ ಓಡುತ್ತ, ಮರಳಿ ಬಂದು ಒಂದೊಂದೇ ಚಕ್ರ ಕೂರಿಸಿದ್ದ. ಗಿರಾಕಿ ಬಂದಾಗ ಅಂಗಡಿಯ ಯಜಮಾನರು, “ನಾನೇ ಕೂತು ಮಾಡಿದೆ ಸಾರ್” ಅಂದುಬಿಟ್ಟರು. ಸಾಲದ್ದಕ್ಕೆ ಅವನ ಖಾಲಿ ಕುರ್ಚಿ ತೋರಿಸಿ, “ನಮ್ಮ ಎಕ್ಸ್‌ಪ್ರೆಸ್ ಈಗಷ್ಟೇ ಹೊರಟಿದೆ, ವಾಪಸ್ ಬರೋದು ಲೇಟು” ಎಂದು ನಕ್ಕರು. ಕಕ್ಕಸಿನೊಳಗೆ ಕೂತಿದ್ದವನಿಗೆ ಎಲ್ಲ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು.

ಗಿರಾಕಿ ಪರದೇಶಕ್ಕೆ ಹೊರಟಿದ್ದ, ಬಂದಮೇಲೆ ಒಯ್ಯುತ್ತೇನೆಂದ. ಗಡಿಯಾರ ಪಕ್ಕದ ಉಗ್ರಾಣದ ಬೀರು ಸೇರಿತು. ಉಗ್ರಾಣಕ್ಕೂ ಕಕ್ಕಸಿಗೂ ನಡುವೆ, ಗೋಡೆಯ ಮೇಲ್ಗಡೆ, ಒಂದು ಗಾಳಿಕಿಂಡಿ! ಅವನು ನೀರಿನ ತೊಟ್ಟಿ ಹತ್ತಿ ನುಗ್ಗಿ ನೋಡಿದ. ಕಡ್ಡಿಯಂಥ ಮೈ ಸಲೀಸಾಗಿ ಆಚೆ ಇಳಿಯಿತು. ಆದರೆ ಬೀರು ಮುಟ್ಟುವಷ್ಟರಲ್ಲಿ ಹೊಟ್ಟೆ ಕಿವುಚಿ, ಬಂದ ದಾರಿಯಲ್ಲೇ ಬರಿಗೈಯಲ್ಲಿ ಓಡಿಬರಬೇಕಾಯಿತು. ಥೂ! ಕದಿಯುವುದಕ್ಕೂ ಕರುಳು ನೆಟ್ಟಗಿರಬೇಕು.

ಹಾಗಾಗಿ ಅವನು ವೈದ್ಯೆಗೆ ಶರಣಾದ. “ಬರೀ ಮಾತ್ರೆಗೆ ನಿಮ್ಮ ಕರುಳು ಬಗ್ಗಲಿಲ್ಲ. ಮತ್ತೆ ಸ್ಟೀರಾಯ್ಡ್ ಕೊಟ್ಟು ಉರಿ ಇಳಿಸೋಣ. ಅದನ್ನ ನಿಧಾನಕ್ಕೆ ಕಮ್ಮಿ ಮಾಡ್ತಾ, ಇಂಜೆಕ್ಷನ್‌ನಲ್ಲಿ ಹತೋಟೀಲಿಡೋಣ. ನೀವಾಗೇ ಮಧ್ಯದಲ್ಲಿ ನಿಲ್ಲಿಸಿದ್ರೆ ನನ್ನ ಹತ್ರ ಬರ್ಲೇಬೇಡಿ,” ಎಂದರು ಆಕೆ. ಹಿಂದೊಮ್ಮೆ ಮುಖ ಊದಿತೆಂದು ಸ್ಟೀರಾಯ್ಡ್ ಮಾತ್ರೆಯನ್ನೆಲ್ಲ ಕಿಟಕಿಯಾಚೆ ಎಸೆದಿದ್ದ ಆಸಾಮಿ, ಈ ಸಲ ಗಡಿಯಾರದ ಮುಳ್ಳಿನಂತೆ ನಡೆದುಕೊಂಡ. ಗಂಡನಿಗೆ ಬುದ್ಧಿ ಬಂತೆಂದು ಹೆಂಡತಿ ಕಣ್ಣೊರೆಸಿಕೊಂಡಳು. ಮುಖ ಊದಿ ಇಳಿಯಿತು. ಕರುಳು ತಣ್ಣಗಾಯಿತು.

ಇದನ್ನು ಅಂಗಡಿಯಲ್ಲಿ ಹೇಳುವಷ್ಟು ದಡ್ಡನೇ ಅವನು? ಮುಂಚಿನಂತೆಯೇ ಹೊಟ್ಟೆ ಹಿಡಿದು ಓಡುತ್ತಿದ್ದ. ಎಕ್ಸ್‌ಪ್ರೆಸ್ ಒಳಗಿರುವಾಗ ಬಾಗಿಲು ತಟ್ಟುವ ಧೈರ್ಯ ಯಾರಿಗಿದೆ? ಕಳವಾದ ಹೊತ್ತಿನಲ್ಲಿ ಅವನೆಲ್ಲಿದ್ದನೆಂದು ಪೊಲೀಸರು ಕೇಳಿದರೆ, ಅಂಗಡಿಗೆ ಅಂಗಡಿಯೇ ನಗುನಗುತ್ತ ಸಾಕ್ಷಿ ಹೇಳುತ್ತಿತ್ತು. ಯಾವ ವಕೀಲನೂ ಇಂಥ ರಕ್ಷಣೆ ಕೊಡಲಾರ ಎಂದು ಅವನು ಒಳಗೊಳಗೇ ಬೀಗಿದ.

ನಾಳೆ ಗಿರಾಕಿ ಬರುತ್ತಾನೆ ಎಂಬ ಸುದ್ದಿ ಬಂತು. ಮಧ್ಯಾಹ್ನ ಅವನು ಮುಖ ಹಿಂಡಿಕೊಂಡು ಓಡಿದ, ಚಿಲಕ ಹಾಕಿದ, ತೊಟ್ಟಿ ಹತ್ತಿದ. ತಲೆ ದಾಟಿತು, ಭುಜ ದಾಟಿತು. ಕೈಚಾಚಿದರೆ, ನಾಳೆ ಕೊಡಲೆಂದು ತೆಗೆದು ಬೀರುವಿನ ಮೇಲೇ ಇಟ್ಟಿದ್ದ ಗಡಿಯಾರ! ಹಿಡಿದ. ತನ್ನ ಕೂಸು ತನ್ನ ಕೈ ಸೇರಿತೆಂದು ಅದಕ್ಕೊಂದು ಮುತ್ತಿಟ್ಟ. ಆಮೇಲೆ ಹಿಂದಕ್ಕೆ ಜಾರಲು ನೋಡಿದ. ಆಗಲಿಲ್ಲ. ಮುಂದಕ್ಕೂ ಆಗಲಿಲ್ಲ.

ಅಂಗಡಿ ಮುಚ್ಚುವ ಮುನ್ನ ಉಗ್ರಾಣ ತೆರೆದ ಯಜಮಾನರಿಗೆ, ಗೋಡೆಯಿಂದ ಅರ್ಧ ಹೊರಬಂದು ಕೈಯಲ್ಲಿ ಗಡಿಯಾರ ಹಿಡಿದು ನೇತಾಡುತ್ತಿದ್ದ ಎಕ್ಸ್‌ಪ್ರೆಸ್ ಕಂಡಿತು. ಅವರು ಪೊಲೀಸರಿಗೂ ಅವನ ಹೆಂಡತಿಗೂ ಒಟ್ಟಿಗೇ ಫೋನ್ ಮಾಡಿದರು. “ಹೋದ ಸಲ ನುಗ್ಗಿದ್ದೆನಲ್ಲೇ! ಅದೇ ಪ್ಯಾಂಟು, ಅದೇ ಸೊಂಟ!” ಎಂದು ಅವನು, ಓಡಿಬಂದ ಹೆಂಡತಿಯನ್ನು ಕಂಡು, ಗೋಡೆಯೊಳಗಿಂದಲೇ ಗೋಳಾಡಿದ. ಹೆಂಡತಿ ತಲೆ ಚಚ್ಚಿಕೊಂಡಳು. “ಅಯ್ಯೋ, ಅದೇ ಸೊಂಟ ಎಲ್ರೀ? ಸ್ಟೀರಾಯ್ಡ್ ಶುರುವಾದಾಗಿಂದ ಹಸಿವು, ಹಸಿವು ಅಂತ ತಿಂದು ತಿಂದು ಊದಿದ್ದೀರ. ಗೊತ್ತಾದ್ರೆ ಮತ್ತೆ ಮಾತ್ರೆ ಬಿಸಾಕ್ತೀರ ಅಂತ, ನೀವು ಮಲಗಿದ ಮೇಲೆ ಪ್ಯಾಂಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಸಡಿಲ ಮಾಡ್ತಾ ಇದ್ದೆ.”